ಹುರುಳಿ ಲೆಕ್ಕ

ಚಿತ್ರದುರ್ಗದ ಕೋರ್ಟಿನೆದುರು, ಸ್ಟಾಂಪ್ ವೆಂಡರನ ಪಕ್ಕ
ನನ್ನ ಜೆರಾಕ್ಸ್ ಅಂಗಡಿ. ಪುಟಕ್ಕೆ ಎರಡು ರೂಪಾಯಿ.
ಕಡತದ ಮಡಿಕೆಯಾದರೆ ಮೂರು:
ಇದ್ದಿಲು, ಹುಣಸೆಬೀಜದ ಸರಿ ಬಳಿದ ಅರಿವೆಯ ಕಪ್ಪು
ಮಷಿನ್ನಿನ ಪುಡಿಯನ್ನೆಲ್ಲ ಕುಡಿದುಬಿಡುತ್ತದೆ.
ಬಳಪದ ಬಿಳಿ ಅಕ್ಷರಕ್ಕೆ ಮಾತ್ರ ಖರ್ಚಿಲ್ಲ.

ನಾಳಿದ್ದು ವಿಚಾರ ಸಂಕಿರಣ.
ಹಾಲುಗುಂದ ಪಾಳೆಯಪಟ್ಟಿನ ಪ್ರಧಾನಿ ಗಿರಿಯರಸನ
ಮುನ್ನೂರನೆಯ ಜಯಂತಿ.
ಬಿಟ್ಟಿ ದುಡಿಸಬಾರದೆಂದು ಶಾಸನ ಹಾಕಿಸಿದವನು,
ಮೀರಿದವನಿಗೆ ಕಲ್ಲಿನಲ್ಲೇ ಕತ್ತೆ ಕೆತ್ತಿಸಿ ಬೈದವನು.
ಕಲ್ಲು ಈಗ ಮ್ಯೂಸಿಯಮ್ಮಿನ ಮೆಟ್ಟಿಲ ಹತ್ತಿರ.
ಕಾಲೇಜು ಹುಡುಗರು ಕತ್ತೆಯ ಜೊತೆ ಸೆಲ್ಫಿ ತೆಗೆಯುತ್ತಾರೆ.
ಅವನ ಮನೆಯಲ್ಲಿ ಹನ್ನೊಂದು ತೊತ್ತುಗಳಿದ್ದವು.
ಅದೂ ಬರೆದಿದೆ,
ಎಮ್ಮೆಗಳ ಕೆಳಗಿನ ಸಾಲಿನಲ್ಲಿ.

ಬೆಳಿಗ್ಗೆ ಶರಭಯ್ಯ ಮೇಷ್ಟ್ರು ಬಂದರು, ಇಪ್ಪತ್ತು ಪ್ರತಿ.
ಪ್ರಧಾನಿ ಆಗ ದಂಡಿನ ಮೇಲಿದ್ದ.
ತೊತ್ತು ಬೊಮ್ಮಿಯ ಮಕ್ಕಳು ಅವನ ತಮ್ಮನವಿರಬಹುದು,
ಸಾಹಣಿಯವಿರಬಹುದು, ದಾರಿಹೋಕನವಿರಬಹುದು.
‘ಇರಬಹುದು’ ಎಂಬಲ್ಲೆಲ್ಲ ಒಂದೊಂದು ಅಡಿಟಿಪ್ಪಣಿ.
ಹಣೆಯ ವಿಭೂತಿಯಷ್ಟೇ ನೀಟಾಗಿತ್ತು ಅಂಚು.

ಮಧ್ಯಾಹ್ನ ಕಾತ್ಯಾಯನಿ ಮೇಡಂ, ದಾವಣಗೆರೆ ಬಸ್ಸಿನ ಧೂಳಿನ ಸಮೇತ.
ಕಡತವನ್ನು ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು.
ಅವರದು ಹುರುಳಿಯ ಲೆಕ್ಕ.
ಪ್ರಧಾನಿಯ ಬಿಳಿಗುದುರೆ ಲಾಯದಲ್ಲಿದ್ದ ದಿನ
ಹುರುಳಿ ಎರಡು ಬಳ್ಳ. ದಂಡಿಗೆ ಹೋದ ದಿನ ಸೊನ್ನೆ.
ಸೊನ್ನೆ, ಸೊನ್ನೆ, ಸೊನ್ನೆ; ಮತ್ತೆ ಎರಡು ಬಳ್ಳ,
ಅಲ್ಲಿಂದ ಒಂಬತ್ತು ತಿಂಗಳಿಗೆ
‘ಬೊಮ್ಮಿ ಕೂಸಿಗೆ ಹರಳೆಣ್ಣೆ, ಸೊಲಗೆ ೧.’
ನಾಲ್ಕು ಸಲ.
ಮನುಷ್ಯರು ಯಾರೂ ಹೇಳದ ಸಾಕ್ಷಿಯನ್ನು
ಕುದುರೆ ಮೆಂದು ಹೇಳಿತ್ತು.

ಎರಡು ವಾದವೂ ಒಂದೇ ತಟ್ಟೆಗೆ ಬಿದ್ದವು,
ಎರಡೂ ಬೆಚ್ಚಗೆ.

ಸಂತೆಯಲ್ಲಿ ಯಾರು ಯಾರಿಗೋ ಬೈಯುತ್ತಾರಲ್ಲ
‘ತೊತ್ತಿನ ಮಗನೇ’ ಅಂತ,
ನನ್ನಪ್ಪ ತಿರುಗಿ ನೋಡುತ್ತಿದ್ದ,
ಹೆಸರು ಹಿಡಿದು ಕರೆದರೆ ನೋಡುವ ಹಾಗೆ.
ಊರಲ್ಲಿ ನಾವು ಹಿತ್ತಲಗಡೆಯವರು.
ಶಾಲೆಗೆ ಸೇರಿಸುವಾಗ ಮೇಷ್ಟ್ರು ಕನಿಕರಪಟ್ಟು
‘ಹಿತ್ತಲಮನಿ’ ಎಂದು ಬರೆದುಕೊಂಡರಂತೆ.
ಮನೆ ಒಂದು ಸೇರಿತು ಹೆಸರಿಗೆ.

ಮೇಡಂ ಪ್ರಬಂಧದ ಒಂಬತ್ತನೆಯ ಪುಟದಲ್ಲಿ
ಒಂದು ಮಾತು: ‘ಇದನ್ನು ಒಲವೆಂದೇ ಕರೆಯಬೇಕಾಗುತ್ತದೆ.’
ಮಷಿನ್ ನಿಲ್ಲಿಸಿದೆ, ಕಾಗದ ಸಿಕ್ಕಿಕೊಂಡವನಂತೆ.
ನಾನು ಓದಿದ್ದು ಪಿಯುಸಿ.
ಆದರೂ ‘ಒಲ್ಲೆ’, ‘ಒಲವು’ ಒಂದೇ ಬೇರಿನವು ಅಂತ ಗೊತ್ತು.
ಮೊದಲನೆಯದನ್ನು ಆಡಲು ಬಾಯಿಲ್ಲದವಳ ಹತ್ತಿರ
ಎರಡನೆಯದನ್ನು ಇವರು ಎಲ್ಲಿಂದ ಕೇಳಿಸಿಕೊಂಡರು?

ಕಡತ ಮಡಚುವಾಗ ಕೊನೆಯ ಎರಡು ಮಡಿಕೆ ಅಂಟಿಕೊಂಡಿದ್ದವು.
ಬಿಡಿಸಿದೆ. ಬಳಪ ಮಾಸಿತ್ತು, ಓರೆಯಾಗಿ ಹಿಡಿದರೆ ಕಂಡಿತು:
‘ಬೊಮ್ಮಿ ಕಾಣೆ. ಹುಡುಕ ಹೋದವರ ಬತ್ತೆ, ಹಣ ೩.’
ಮುಂದೆ ಅರಿವೆ ಗೆದ್ದಲು ತಿಂದಿದೆ.
ಸಿಕ್ಕಳೋ, ಮಕ್ಕಳಿಗಾಗಿ ತಾನೇ ತಿರುಗಿ ಬಂದಳೋ,
ಯಾವ ಬಳ್ಳದಲ್ಲಿ ಅಳೆಯುವುದು ಅದನ್ನು?

ಮೇಡಂ ಚೀಲದಲ್ಲಿ ಚಿಲ್ಲರೆ ಹುಡುಕುತ್ತಾ ಕೇಳಿದರು:
‘ಹಾಲುಗುಂದದ ಹಿತ್ತಲಮನಿಯವರು ಯಾರಾದರೂ ಗೊತ್ತೇನಪ್ಪಾ?
ಕೆನ್ನೆಯೊಳಗೆ ಹತ್ತಿ ಆಡಿಸಿದರೆ ಸಾಕು,
ಜಗಳ ಮುಗಿದುಹೋಗುತ್ತೆ.’

ಬಾಯಿ ಒಣಗಿತ್ತು.
‘ನೂರಾ ಎಪ್ಪತ್ತಾರು ಆಯ್ತು ಮೇಡಂ’ ಅಂದೆ.

ಅವರು ಹೋದ ಮೇಲೆ ಲೆಕ್ಕ ನೋಡಿಕೊಂಡೆ.
ಆ ಕೊನೆಯ ಮಡಿಕೆಯ ಪ್ರತಿ ಒಂದು ನನಗೇ ತೆಗೆದುಕೊಂಡಿದ್ದೆ.
ಬಹಳ ಕಪ್ಪಾಗಿ ಬಂದಿತ್ತು.
ಅದರ ಮೂರು ರೂಪಾಯಿ ಜೇಬಿನಿಂದ ಎಣಿಸಿ
ಗಲ್ಲಕ್ಕೆ ಹಾಕಿದೆ.